ಅಪ್ಪಯ್ಯನ ಮೆಟ್ಟು

1976ರ ಮಳೆಗಾಲ. ನನಗೆ ಎಂಟು ವರ್ಷ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಅದಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರು ಆ ಬಿದಿರನ್ನು ಮುಟ್ಟದೆ ದಾಟುತ್ತಿದ್ದರು. ಆ ವರ್ಷ ಅಪ್ಪಯ್ಯ ಸಂಕದ ಮೇಲೆ ಕುಳಿತು, ಎರಡೂ ಕಾಲು ಇಳಿಬಿಟ್ಟು, ಕೈ ಊರಿ ಸರಿಯುತ್ತಾ ದಾಟಿದರು. ನಾನು ಹಿಂದೆ ಕೊಡೆ ಹಿಡಿದು ನಿಂತಿದ್ದೆ. ಆಚೆ ದಡ ಮುಟ್ಟಿ ಎದ್ದವರು ಪಂಚೆಯ ಕೆಸರು ಕೊಡವಿ, "ಅಮ್ಮನ ಹತ್ರ ಹೇಳಬೇಡ" ಎಂದರು. ನಾನು ಹೇಳಲಿಲ್ಲ. ಪಂಚೆ ಒಗೆಯುವವಳು ಅಮ್ಮನೇ ಆದ್ದರಿಂದ ಅವಳಿಗೆ ಸಂಜೆಯೇ ಗೊತ್ತಾಯಿತು.

ಅಪ್ಪಯ್ಯನಿಗೆ ಆಗ 44. ತೊಂದರೆ ಶುರುವಾಗಿ ಎರಡು ವರ್ಷವಾಗಿತ್ತು, ಆದರೆ ಅದನ್ನು ಕಾಯಿಲೆ ಎಂದು ಯಾರೂ ಕರೆದಿರಲಿಲ್ಲ. ಮೊದಲು ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅಮ್ಮ ಎದ್ದು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಆಮೇಲೆ ಅಂಗಳದಲ್ಲಿ ತಿರುಗುವಾಗ ವಾಲತೊಡಗಿದರು. ಆಮೇಲೆ ದೋಣಿಯಲ್ಲಿ ನಿಂತವರ ಹಾಗೆ ಕಾಲು ಅಗಲಿಸಿ ನಡೆಯತೊಡಗಿದರು. ಕತ್ತಲಾದ ಮೇಲಂತೂ ಗೋಡೆ ಬಿಟ್ಟು ಹೆಜ್ಜೆ ಇಡುತ್ತಿರಲಿಲ್ಲ. ಹಗಲು ತಕ್ಕಮಟ್ಟಿಗೆ ನಡೆಯುವ ಮನುಷ್ಯನಿಗೆ ದೀಪ ಆರಿದ ಕೂಡಲೇ ಕಾಲು ಯಾಕೆ ಇಲ್ಲವಾಗುತ್ತದೆ ಎನ್ನುವುದು ನಮಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮನೆಗೆ ಬಂದ ಜೋಯಿಸರಿಗೆ ಮಾತ್ರ ಅರ್ಥವಾಯಿತು. ಕತ್ತಲಲ್ಲಿ ಜೋರಾಗುವುದು ಸೋಕು ಎಂದರು. ಅಜ್ಜನಿಗೂ ಕೊನೆಗಾಲದಲ್ಲಿ ಹೀಗೇ ಕಾಲು ಹೋಗಿತ್ತು ಎಂದು ದೊಡ್ಡಮ್ಮ ಹೇಳಿದ ಮೇಲೆ ನಾಗದೋಷ ಎಂಬ ತೀರ್ಮಾನವೂ ಸೇರಿಕೊಂಡಿತು. ವಂಶದಲ್ಲಿ ಬರುವ ತೊಂದರೆ ಎಂದು ಅವರು ಗುರುತಿಸಿದ್ದು ಸರಿಯೇ ಆಗಿತ್ತು, ಕಾರಣ ಮಾತ್ರ ತಪ್ಪು. ಎರಡು ಬಾರಿ ಆಶ್ಲೇಷಾ ಬಲಿ ಆಯಿತು. ಪೇಟೆಯ ಒಬ್ಬ ಡಾಕ್ಟರು ನರದ ದೌರ್ಬಲ್ಯ ಎಂದು ಕೆಂಪು ಬಣ್ಣದ ಇಂಜೆಕ್ಷನ್ ಕೊಡುತ್ತಾ ಹೋದರು. ಮೂರು ವರ್ಷ ಕೊಟ್ಟರು.

ಅಪ್ಪಯ್ಯ ಸಂತೆಗೆ ಹೋಗುವುದನ್ನು ನಿಲ್ಲಿಸಿದ್ದು 1978ರಲ್ಲಿ. ಬಸ್ಸಿನಿಂದ ಇಳಿಯುವಾಗ ಮುಗ್ಗರಿಸಿ ತರಕಾರಿ ರಾಶಿಯ ಮೇಲೆ ಬಿದ್ದರು. ಎತ್ತಲು ಬಂದವರಲ್ಲಿ ಒಬ್ಬ, "ಬೆಳಿಗ್ಗೇನೇ ಹಾಕ್ಕೊಂಡು ಬಂದಿದಾರೆ" ಎಂದ. ಅಪ್ಪಯ್ಯ ಆಯುಷ್ಯದಲ್ಲಿ ಹೆಂಡ ಮುಟ್ಟಿದವರಲ್ಲ. ಅವರು ಏನಾದರೂ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಮಾತೂ ತೊದಲುತ್ತಿತ್ತು, ಬಾಯಿ ತೆರೆದರೆ ಆ ಮಾತಿಗೆ ಸಾಕ್ಷಿ ಸಿಕ್ಕಂತಾಗುತ್ತಿತ್ತು. ಮುಂದಿನ ಬಸ್ಸಿಗೆ ಮನೆಗೆ ಬಂದರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರೂ ಪೇಟೆಗೆ ಹೋದದ್ದು ಎರಡೇ ಸಲ, ಎರಡೂ ಸಲ ಆಸ್ಪತ್ರೆಗೆ.

ಈಗ ನನಗೆ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅಪ್ಪಯ್ಯ ಸಂಕದ ಮೇಲೆ ಕುಳಿತು ದಾಟುವುದಕ್ಕೆ ಐದು ವರ್ಷ ಮೊದಲೇ, 1971ರಲ್ಲಿ, ಮುಂಬೈಯ ನರರೋಗ ತಜ್ಞ ನೋಶಿರ್ ವಾಡಿಯಾ ತಮ್ಮ ಸಹೋದ್ಯೋಗಿ ಸ್ವಾಮಿಯವರ ಜೊತೆ ಒಂದು ಲೇಖನ ಪ್ರಕಟಿಸಿದ್ದರು. ಒಂಬತ್ತು ಭಾರತೀಯ ಕುಟುಂಬಗಳು. ತಲೆಮಾರಿನಿಂದ ತಲೆಮಾರಿಗೆ ಬರುವ, ನಡಿಗೆ ಕೆಡಿಸುವ ಕಾಯಿಲೆ. ಅದರ ಜೊತೆಗೆ ಬೇರೆಯವರು ಗಮನಿಸದೆ ಬಿಟ್ಟ ಒಂದು ಲಕ್ಷಣವನ್ನು ಅವರು ಹಿಡಿದಿದ್ದರು: ಈ ಜನರ ಕಣ್ಣುಗುಡ್ಡೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಥಟ್ಟನೆ ಹಾರುವುದಿಲ್ಲ, ನಿಧಾನವಾಗಿ ಸರಿಯುತ್ತದೆ. ಅಪ್ಪಯ್ಯ ಯಾರಾದರೂ ಕರೆದರೆ ಮೊದಲು ಕತ್ತು ತಿರುಗಿಸುತ್ತಿದ್ದರು, ಕಣ್ಣು ಆಮೇಲೆ ಬರುತ್ತಿತ್ತು. ಅದು ಅವರ ಗತ್ತು ಎಂದು ನಾವು ಮಕ್ಕಳು ತಿಳಿದಿದ್ದೆವು. ವಾಡಿಯಾ ಬರೆದದ್ದು ಇಂಥವರ ಬಗ್ಗೆಯೇ. ಆ ಬರಹ ಇದ್ದದ್ದು ವೈದ್ಯಕೀಯ ಪತ್ರಿಕೆಯಲ್ಲಿ, ಅಪ್ಪಯ್ಯ ಇದ್ದದ್ದು ಹಳ್ಳದ ಆಚೆ.

ಇನ್ನು ಅವರ ಮೆಟ್ಟಿನ ವಿಷಯ. ಊರಲ್ಲಿ ಎಲ್ಲರಂತೆ ಅವರದೂ ಹವಾಯಿ ಚಪ್ಪಲಿ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಬಾರು ಹಿಡಿದುಕೊಳ್ಳಲು ಕಾಲಿಗೆ ಒಂದು ಲೆಕ್ಕಾಚಾರ ಬೇಕು, ನಾವು ಅದನ್ನು ಯೋಚಿಸದೆ ಮಾಡುತ್ತೇವೆ. ಅಪ್ಪಯ್ಯನ ಕಾಲಿಗೆ ಅದು ತಪ್ಪಿತು. ಹತ್ತು ಹೆಜ್ಜೆಗೊಮ್ಮೆ ಚಪ್ಪಲಿ ಹಿಂದೆ ಉಳಿಯುತ್ತಿತ್ತು, ಇವರು ಮುಂದೆ ಹೋಗಿರುತ್ತಿದ್ದರು. ಕಾಲಲ್ಲಿ ಚಪ್ಪಲಿ ಇಲ್ಲವೆಂದು ತಿಳಿಯುತ್ತಲೂ ಇರಲಿಲ್ಲ. ಬೆರಳುಗಳು ನೆಲ ಹಿಡಿಯಲು ಹೋಗಿ ಹೋಗಿ ಕೊಕ್ಕೆಯಂತೆ ಮಡಚಿಕೊಂಡಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಹೊಸ್ತಿಲಿಗೆ ಬಡಿದು ಬಡಿದು ಹೋಗಿಯೇ ಬಿಟ್ಟಿತ್ತು.

ಒಂದು ದಿನ ಅವರು ಜಗುಲಿಯಲ್ಲಿ ಕುಳಿತು ಬಾಳೆನಾರಿನ ಹಗ್ಗ ಹೊಸೆದರು. ಕೈ ಆಗಲೇ ನಡುಗುತ್ತಿತ್ತು, ಹೊಸೆಯಲು ಇಡೀ ಮಧ್ಯಾಹ್ನ ಬೇಕಾಯಿತು. ಚಪ್ಪಲಿಯ ಎರಡು ಬದಿಯ ಬಾರಿಗೆ ಗಂಟು ಹಾಕಿ, ಹಿಮ್ಮಡಿಯ ಹಿಂದಿನಿಂದ ಸುತ್ತಿ, ಹರಡಿನ ಮುಂದೆ ಬಿಗಿದು ಕಟ್ಟಿಕೊಂಡರು. ನೀರು ತಾಗಿದರೆ ನಾರು ಬಿಗಿಯುತ್ತಿತ್ತು, ಒಣಗಿದರೆ ಚರ್ಮ ಕೊರೆಯುತ್ತಿತ್ತು. ಹರಡಿನ ಸುತ್ತ ಕಪ್ಪು ಗೆರೆ ಬಿದ್ದಿತ್ತು. ಆದರೆ ಚಪ್ಪಲಿ ಕಾಲಲ್ಲಿ ನಿಂತಿತು. ಆಳುಗಳು ಕಂಡು ನಕ್ಕರು. ಅಮ್ಮ, ಬಂದವರ ಎದುರು ಅದನ್ನು ಹಾಕಿಕೊಳ್ಳಬೇಡಿ ಎಂದಳು. ಅಪ್ಪಯ್ಯ ಆಮೇಲೆ ಆರು ವರ್ಷ, ನಡೆಯುವಷ್ಟು ದಿನವೂ, ಅದನ್ನೇ ಕಟ್ಟಿಕೊಂಡರು. ನಾರು ಸವೆದಾಗೆಲ್ಲ ಹೊಸದು ಹೊಸೆದರು.

ಮನೆಯೂ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ನಮ್ಮಲ್ಲಿ ಅದು ಜಗುಲಿಯಿಂದ ಕೊಟ್ಟಿಗೆವರೆಗೆ, ಎರಡು ಪಟ್ಟು ಅಗಲವಾಗಿ, ಬೇಸಿಗೆಯಲ್ಲೂ ಉಳಿಯಿತು. ಕಕ್ಕಸಿನ ತೊಲೆಗೆ ಅಣ್ಣ ಒಂದು ಹಗ್ಗ ಇಳಿಬಿಟ್ಟ, ಕೂರಲು ಏಳಲು ಹಿಡಿಯಲಿಕ್ಕೆ. ಬಚ್ಚಲ ಕಲ್ಲಿನ ಪಾಚಿಯನ್ನು ಅಮ್ಮ ವಾರಕ್ಕೊಮ್ಮೆ ಸುಣ್ಣ ಹಾಕಿ ಉಜ್ಜುತ್ತಿದ್ದಳು. ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ್ತಿಲು ಮಾತ್ರ ಹಾಗೇ ಉಳಿಯಿತು. ಅದು ಲಕ್ಷ್ಮಿ, ಕಡಿಯುವ ಮಾತೇ ಇಲ್ಲ. ಅಪ್ಪಯ್ಯ ಹೆಚ್ಚು ಬಾರಿ ಬಿದ್ದದ್ದು ಆ ಹೊಸ್ತಿಲಿನಲ್ಲಿಯೇ.

ಅವರು 1989ರಲ್ಲಿ ತೀರಿಕೊಂಡರು. ಊಟ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗಿತ್ತು.

ನನಗೆ ಶುರುವಾದದ್ದು 2005ರಲ್ಲಿ, ಅಪ್ಪಯ್ಯನಿಗಿಂತ ಐದು ವರ್ಷ ಮೊದಲೇ, 37ಕ್ಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗುವಾಗ ಮೇಜು ಹಿಡಿದುಕೊಳ್ಳತೊಡಗಿದೆ. ಅದಕ್ಕೂ ಮುಂಚೆ ರಾತ್ರಿಯೆಲ್ಲ ಮೀನಖಂಡ ಹಿಡಿಯುತ್ತಿತ್ತು. ಅದು ಏನು ಎಂದು ನನಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು. ಆದರೂ ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಆ ನಾಲ್ಕು ವರ್ಷವೂ ಹತ್ತನೇ ತರಗತಿಗೆ ಮೆದುಳಿನ ಪಾಠ ಮಾಡಿದೆ. ಅನುಮಸ್ತಿಷ್ಕದ ಬಗ್ಗೆ ಇರುವುದು ಒಂದೆರಡು ವಾಕ್ಯ: ದೇಹದ ಸಮತೋಲನ ಕಾಪಾಡುತ್ತದೆ, ಚಲನೆಗಳನ್ನು ಹೊಂದಿಸುತ್ತದೆ. ಅದು ಒಂದು ಅಂಕದ ಪ್ರಶ್ನೆ.

ಸೀರೆ ಆ ದಿನಗಳಲ್ಲಿ ನನ್ನ ದೊಡ್ಡ ಸಮಸ್ಯೆಯಾಯಿತು. ಕಾಲು ಅಗಲಿಸಿದರೆ ಮಾತ್ರ ನಿಲ್ಲಬಲ್ಲ ಹೆಂಗಸಿಗೆ ಸೀರೆಯ ನೆರಿಗೆ ಕಾಲನ್ನು ಕೂಡಿಸಿ ಕಟ್ಟಿದ ಹಾಗೆ. ಮೆಟ್ಟಿಲು ಹತ್ತುವಾಗ ಅಂಚು ಹೆಬ್ಬೆರಳಿಗೆ ಸಿಕ್ಕುತ್ತಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಎದುರು ಬಿದ್ದೆ. ಮಾರನೇ ದಿನದಿಂದ ಚೂಡಿದಾರ್ ಹಾಕಿಕೊಂಡು ಹೋದೆ. ಟೀಚರಮ್ಮ ಸೀರೆಯನ್ನೇ ಉಡಬೇಕು ಎಂಬ ಮಾತು ಆಗ ಬಲವಾಗಿತ್ತು. ಒಂದು ತಿಂಗಳು ಅದರ ಚರ್ಚೆ ನಡೆಯಿತು, ಆಮೇಲೆ ನಿಂತಿತು.

2009ರಲ್ಲಿ ನಮ್ಮ ಯಜಮಾನರು ಹಟ ಮಾಡಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ನನ್ನ ಕಾಲು ನೋಡುವುದಕ್ಕೆ ಮೊದಲು ಕಣ್ಣು ನೋಡಿದರು. ಎರಡು ಹೆಬ್ಬೆರಳು ದೂರ ದೂರ ಹಿಡಿದು, ಇದನ್ನು ನೋಡಿ, ಈಗ ಅದನ್ನು ನೋಡಿ ಎಂದರು. ನಾಲ್ಕು ಸಲ ಹಾಗೆ ಮಾಡಿಸಿ, "ನಿಮ್ಮ ತಂದೆಯವರ ಕಣ್ಣು ಹೇಗಿತ್ತು?" ಎಂದು ಕೇಳಿದರು. ತಂದೆಯ ವಿಷಯ ನಾನು ಇನ್ನೂ ಹೇಳಿರಲಿಲ್ಲ. ಆಮೇಲೆ ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು, ನಾನು ಅವರ ಕೈಮೇಲೆ ಬಿದ್ದೆ. ಅಪ್ಪಯ್ಯನ ಕತ್ತಲ ಸೋಕಿನ ಅರ್ಥ ಆ ದಿನ ತಿಳಿಯಿತು. ಅನುಮಸ್ತಿಷ್ಕದ ಜೊತೆಗೆ, ಪಾದದಿಂದ ಮೆದುಳಿಗೆ ಸುದ್ದಿ ಒಯ್ಯುವ ನರಗಳೂ ಈ ಕಾಯಿಲೆಯಲ್ಲಿ ಸವೆಯುತ್ತವೆ. ನೆಲ ಎಲ್ಲಿದೆ ಎಂದು ಕಾಲು ಹೇಳದಿದ್ದಾಗ ಆ ಕೆಲಸವನ್ನು ಕಣ್ಣು ಮಾಡುತ್ತದೆ. ದೀಪ ಆರಿದರೆ ಅದೂ ಇಲ್ಲ.

ರಕ್ತದ ಪರೀಕ್ಷೆಯಲ್ಲಿ ಹೆಸರು ಬಂತು: ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ, ನಮೂನೆ 2. ಹನ್ನೆರಡನೇ ವರ್ಣತಂತುವಿನ ಒಂದು ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಸಾಮಾನ್ಯವಾಗಿ 22 ಸಲ ಇರುತ್ತದೆ, ನನ್ನ ಒಂದು ಪ್ರತಿಯಲ್ಲಿ 39 ಸಲ ಇದೆ. ತಂದೆಯಿಂದ ಮಗುವಿಗೆ ಬರುವಾಗ ಈ ಸಂಖ್ಯೆ ಬೆಳೆಯಬಹುದು, ಬೆಳೆದಷ್ಟೂ ಕಾಯಿಲೆ ಬೇಗ ಶುರುವಾಗುತ್ತದೆ. ನನಗೆ ಐದು ವರ್ಷ ಮೊದಲೇ ಬಂದದ್ದಕ್ಕೆ ಕಾರಣ ಅದೇ ಇರಬೇಕು. ಈ ಜೀನನ್ನು ಪತ್ತೆ ಮಾಡಿದ್ದು 1996ರಲ್ಲಿ, ಅಪ್ಪಯ್ಯ ಹೋಗಿ ಏಳು ವರ್ಷದ ಮೇಲೆ. ವಾಡಿಯಾ ವಿವರಿಸಿದ್ದ ನಿಧಾನ ಕಣ್ಣಿನ ಕಾಯಿಲೆ ಬಹುತೇಕ ಇದೇ ಎಂದು ಆಮೇಲೆ ಗೊತ್ತಾಯಿತು. ಜಗತ್ತಿನಲ್ಲಿ ಇದು ಅತಿ ಹೆಚ್ಚಾಗಿ ಇರುವುದು ಕ್ಯೂಬಾ ದೇಶದ ಓಲ್ಗಿನ್ ಪ್ರಾಂತ್ಯದಲ್ಲಂತೆ. ಅಲ್ಲಿಯೂ ಕಾಲು ಅಗಲಿಸಿ ನಡೆಯುವ ಜನ ಎಷ್ಟೋ ಮನೆಗಳಲ್ಲಿ ಇದ್ದಾರೆ ಎಂದು ಕೇಳಿ ಆ ರಾತ್ರಿ ನನಗೆ ಸ್ವಲ್ಪ ನಿದ್ದೆ ಬಂತು.

ಔಷಧ ಇಲ್ಲ. ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಬೇರೆ ನಮೂನೆಗೆ 2023ರಲ್ಲಿ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ನನ್ನದಕ್ಕೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಅಪ್ಪಯ್ಯನಿಗೂ ನನಗೂ ಕಾಯಿಲೆ ಒಂದೇ, ಅದು ಸಾಗುವ ದಾರಿಯೂ ಒಂದೇ. ವ್ಯತ್ಯಾಸ ಇರುವುದು ಕಾಲಿನ ಕೆಳಗೆ. ನಾನು ಹೇಳಬೇಕೆಂದಿರುವುದು ಅದನ್ನೇ.

ಫಿಸಿಯೋಥೆರಪಿಸ್ಟ್ ಮೊದಲ ದಿನ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಬದಿಗಿಟ್ಟರು. "ಹಿಂದೆ ಪಟ್ಟಿ ಇಲ್ಲದ್ದನ್ನು ಇನ್ನು ಹಾಕಬೇಡಿ" ಎಂದರು. ಹಿಮ್ಮಡಿ ಹಿಡಿದಿಡುವ ಪಟ್ಟಿ ಇರಬೇಕು, ಹರಡಿನ ಸುತ್ತ ಬಿಗಿ ಇರಬೇಕು. ನಾನು ತಲೆಯಾಡಿಸುತ್ತಾ ಕುಳಿತಿದ್ದೆ. ಜಗುಲಿಯಲ್ಲಿ ಕುಳಿತು ಬಾಳೆನಾರು ಹೊಸೆದವರು ಮೂವತ್ತು ವರ್ಷದ ಹಿಂದೆ ಕಂಡುಕೊಂಡದ್ದನ್ನೇ ಇವರು ಹೇಳುತ್ತಿದ್ದರು.

ಶೂ ಹುಡುಕಲು ಎರಡು ತಿಂಗಳು ಹಿಡಿಯಿತು. ಕಾಲಿಗೆ ಹಿತವೆನಿಸುವ ಸ್ಪಂಜಿನ ಅಟ್ಟೆ ನಮ್ಮಂಥವರಿಗೆ ಕೆಟ್ಟದ್ದು. ಮೊದಲೇ ನೆಲದ ಸುದ್ದಿ ತಿಳಿಯದ ಕಾಲಿಗೂ ನೆಲಕ್ಕೂ ನಡುವೆ ಅದು ಇನ್ನೊಂದು ಪದರ. ನೆಲವನ್ನು ಅತಿಯಾಗಿ ಕಚ್ಚುವ ರಬ್ಬರೂ ಆಗದು, ಕಾಲು ಎಳೆದರೆ ಅದು ಅಲ್ಲೇ ನಿಂತು ಮೈ ಮುಂದೆ ಬೀಳುತ್ತದೆ. ತೆಳುವಾದ, ಗಟ್ಟಿಯಾದ, ಅಗಲ ಅಟ್ಟೆ ಬೇಕು. ಮಡಚಿದ ಬೆರಳು ಉಜ್ಜದಂತೆ ಮುಂಭಾಗ ಎತ್ತರವಾಗಿ ಅಗಲವಾಗಿರಬೇಕು. ಲೇಸು ಕಟ್ಟಲು ನನ್ನ ಬೆರಳಿಗೆ ಆಗುವುದಿಲ್ಲ, ವೆಲ್ಕ್ರೋ ಬೇಕು. ಹೆಂಗಸರ ಶೂಗಳೆಲ್ಲ ಮೂತಿ ಚೂಪು. ಕೊನೆಗೆ ಸಿಕ್ಕದ್ದು ಹುಡುಗರ ಶಾಲೆಯ ಕಪ್ಪು ಶೂ. ಇಪ್ಪತ್ತು ವರ್ಷ ಮಕ್ಕಳ ಸಾಲಿನ ಮುಂದೆ ನಿಂತು ಪಾಲಿಶ್ ಆಗಿದೆಯೇ ಎಂದು ನೋಡಿದ ಶೂ ಅದು. ಈಗಿನದು ಐದನೇ ಜೊತೆ. ಯಾವಾಗ ನೋಡಿದರೂ ಎಡ ಶೂವಿನ ತುದಿ ಮೊದಲು ಸವೆಯುತ್ತದೆ, ಅಪ್ಪಯ್ಯನ ಉಗುರು ಹೋದ ಜಾಗವೇ. ಅಲ್ಲಿಗೆ ಚಮ್ಮಾರರ ಹತ್ತಿರ ಒಂದು ಚರ್ಮದ ತುಂಡು ಹೊಲಿಸುತ್ತೇನೆ.

ಆಮೇಲೆ ಹರಡು ಹೊರಳತೊಡಗಿದಾಗ ಪ್ಲಾಸ್ಟಿಕ್ಕಿನ ಕಾಲ್ಪಟ್ಟಿ ಬಂತು. ಆಸ್ಪತ್ರೆಯವರು ಎಎಫ್‌ಒ ಎನ್ನುತ್ತಾರೆ. ಕಾಲಿನ ಅಚ್ಚು ತೆಗೆದು ಮಾಡಿದ್ದು, ಮೊಣಕಾಲಿನ ಕೆಳಗಿನಿಂದ ಅಂಗಾಲಿನವರೆಗೆ. ಪಾದದ ತುದಿ ಕೆಳಗೆ ಜೋಲದಂತೆ ಎತ್ತಿ ಹಿಡಿಯುತ್ತದೆ. ಶಿವಮೊಗ್ಗದ ಏಪ್ರಿಲ್ ಸೆಖೆಯಲ್ಲಿ ಅದರೊಳಗೆ ಕಾಲು ಬೇಯುತ್ತದೆ, ದಪ್ಪ ಹತ್ತಿಯ ಕಾಲುಚೀಲ ಇಲ್ಲದೆ ಹಾಕಬಾರದು. ನಾನು ಒಂದು ದಿನ ಚೀಲ ಹಾಕದೆ ಹಾಕಿಕೊಂಡೆ. ಹಿಮ್ಮಡಿಯ ಬದಿಯಲ್ಲಿ ಬೊಕ್ಕೆ ಎದ್ದಿತು, ಒಡೆಯಿತು. ಕಾಲಿಗೆ ಜೋಮು ಇದ್ದುದರಿಂದ ನನಗೆ ತಿಳಿಯಲೇ ಇಲ್ಲ. ಮೂರನೇ ದಿನ ಬೆಡ್‌ಶೀಟಿನ ಮೇಲೆ ಕಲೆ ಕಂಡು ಮಗಳು ಕೇಳಿದಳು. ಗಾಯ ಮಾಯಲು ಏಳು ವಾರ ಆಯಿತು, ಆ ಏಳು ವಾರ ನಡಿಗೆ ಬಂದ್. ನಡಿಗೆ ನಿಂತ ಏಳು ವಾರದಲ್ಲಿ ಕಳೆದುಕೊಂಡದ್ದನ್ನು ಮತ್ತೆ ಪೂರ್ತಿ ಪಡೆಯಲು ನನ್ನಿಂದ ಆಗಲಿಲ್ಲ.

ಅಂದಿನಿಂದ ದಿನಾ ಸಂಜೆ ಕಾಲು ನೋಡಿಕೊಳ್ಳುವುದು ದೀಪ ಹಚ್ಚುವಷ್ಟೇ ಖಾಯಂ. ಕೈಗನ್ನಡಿ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲ ನೋಡುತ್ತೇನೆ. ಕೆಂಪಾದ ಜಾಗ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮರುದಿನ ಪಟ್ಟಿ ಹಾಕುವುದಿಲ್ಲ. ಉಗುರು ಮಗಳು ಕತ್ತರಿಸುತ್ತಾಳೆ, ನೇರವಾಗಿ, ಮೂಲೆ ಕೊರೆಯದೆ. ಬಿಸಿನೀರನ್ನು ಮೊದಲು ಮೊಣಕೈಯಲ್ಲಿ ಮುಟ್ಟಿ ನೋಡುತ್ತೇನೆ, ಕಾಲನ್ನು ನಂಬುವಂತಿಲ್ಲ. ಕೊಬ್ಬರಿ ಎಣ್ಣೆ ತಿಕ್ಕುವುದು ಮಲಗಿದ ಮೇಲೆ ಮಾತ್ರ. ಎಣ್ಣೆ ಕಾಲಲ್ಲಿ ಗ್ರಾನೈಟ್ ನೆಲದ ಮೇಲೆ ಇಳಿದರೆ ಏನಾಗುತ್ತದೆ ಎಂದು ನನ್ನ ಬಲ ಮಣಿಕಟ್ಟಿನೊಳಗಿನ ಸ್ಟೀಲ್ ಪ್ಲೇಟಿಗೆ ಗೊತ್ತು.

ವ್ಯಾಯಾಮದ ಕಥೆ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನಲ್ಲಿ ಫ್ರೆಂಕೆಲ್ ಎಂಬ ವೈದ್ಯರಿದ್ದರು. ಬೆರಳಿನಿಂದ ಮೂಗು ಮುಟ್ಟಲಾಗದ ಒಬ್ಬ ರೋಗಿ ಕೆಲವು ತಿಂಗಳ ಮೇಲೆ ಬಂದು ಸರಿಯಾಗಿ ಮುಟ್ಟಿ ತೋರಿಸಿದನಂತೆ. ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಮನೆಯಲ್ಲಿ ಅಭ್ಯಾಸ ಮಾಡಿದ್ದ. ಅದನ್ನು ಕಂಡು ಫ್ರೆಂಕೆಲ್ ಕಾಲಿಗೂ ಅಭ್ಯಾಸಗಳನ್ನು ರೂಪಿಸಿದರು. ಮಲಗಿ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ನಿಧಾನವಾಗಿ ಜಾರಿಸುವುದು, ಕುಳಿತು ನೆಲದ ಗುರುತಿನ ಮೇಲೆ ಪಾದ ಇಡುವುದು, ನಿಂತು ಬರೆದ ಹೆಜ್ಜೆಗಳ ಮೇಲೆ ನಡೆಯುವುದು. ಎಲ್ಲವೂ ಎಣಿಸುತ್ತಾ, ಕಣ್ಣಿಟ್ಟು, ಅವಸರವಿಲ್ಲದೆ. 2009ರಲ್ಲಿಯೇ ಜರ್ಮನಿಯ ಸಂಶೋಧಕರು ಅನುಮಸ್ತಿಷ್ಕ ಸವೆದವರಿಗೆ ನಾಲ್ಕು ವಾರ ಬಿಗಿಯಾಗಿ ಇಂಥ ತರಬೇತಿ ಕೊಟ್ಟು ನಡಿಗೆ ಸುಧಾರಿಸಿದ್ದನ್ನು ತೋರಿಸಿದರು. ಅಭ್ಯಾಸ ಬಿಟ್ಟರೆ ಗಳಿಸಿದ್ದು ಕರಗುತ್ತದೆ.

ನಮ್ಮ ಹಾಲಿನ ನೆಲದ ಮೇಲೆ ಹೆಜ್ಜೆ ಬರೆದವಳು ಮಗಳು, ಆಗ ಹನ್ನೊಂದು ವರ್ಷದವಳು. ಗೋಕುಲಾಷ್ಟಮಿಗೆ ಕೃಷ್ಣನ ಹೆಜ್ಜೆ ಬರೆದ ಕೈ ಅಲ್ಲವೇ, ಸುಣ್ಣದ ಕಡ್ಡಿಯಲ್ಲಿ ಬೆರಳುಸಮೇತ ಬರೆದಳು. ಅಳತೆ ಮಾತ್ರ ನನ್ನದು. ಎರಡು ಸಾಲಿನ ನಡುವೆ ಒಂದು ಗೇಣು, ಹೆಜ್ಜೆಯಿಂದ ಹೆಜ್ಜೆಗೆ ಮೊಳಕ್ಕಿಂತ ಕಡಿಮೆ. ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಹದಿನೈದು ವರ್ಷದಲ್ಲಿ ಆ ಸಾಲಿನ ಅಂತರ ಒಂದೂವರೆ ಗೇಣಾಗಿದೆ. ನಡಿಗೆ, ನಿಲುವು, ಕೂರುವುದು, ಮಾತು ಎಲ್ಲ ಸೇರಿಸಿ ಎಂಟು ಬಾಬತ್ತಿನಲ್ಲಿ 40ಕ್ಕೆ ಅಂಕ ಕೊಡುವ ಒಂದು ಅಳತೆ ಇದೆ, ಅಂಕ ಏರಿದಷ್ಟೂ ತೊಂದರೆ ಹೆಚ್ಚು. ನನಗೆ 2009ರಲ್ಲಿ 9 ಇತ್ತು, ಕಳೆದ ಸಲ 23. ಆದರೂ ಅಡುಗೆಮನೆಗೆ ನಾನೇ ಹೋಗುತ್ತೇನೆ.

ಅಪ್ಪಯ್ಯನಿಗೆ ಬೆತ್ತದ ಕೋಲು ಕೊಟ್ಟಿದ್ದರು. ಅದು ಅವರ ಕಾಲ ನಡುವೆಯೇ ಸಿಕ್ಕುತ್ತಿತ್ತು, ಒಂದು ದಿನ ಒಲೆಗೆ ಹಾಕಿದರು. ನಾನೂ ಕೋಲಿನಿಂದಲೇ ಶುರು ಮಾಡಿ ಅದನ್ನೇ ಕಲಿತೆ. ಎರಡು ಕಾಲನ್ನೇ ಹೊಂದಿಸಲಾಗದ ಮೆದುಳಿಗೆ ಕೋಲು ಮೂರನೇ ಕಾಲು. ಬಲ ಕಡಿಮೆಯಾದವರಿಗೆ ಕೋಲು ಸರಿ, ನಮಗೆ ಕಡಿಮೆಯಾದದ್ದು ಬಲವಲ್ಲ. ನನಗೆ ಒಗ್ಗಿದ್ದು ನಾಲ್ಕು ಚಕ್ರದ, ಬ್ರೇಕ್ ಇರುವ ವಾಕರ್. ಹಗುರವಾದದ್ದು ಮುಂದೆ ಓಡುತ್ತಿತ್ತು, ಕೆಳಗಿನ ಕಂಬಿಗೆ ಎರಡು ಕಿಲೋ ಮರಳಿನ ಚೀಲ ಕಟ್ಟಿದ ಮೇಲೆ ನಿಂತಿತು. ತಿರುಗುವುದನ್ನೂ ಹೊಸದಾಗಿ ಕಲಿಯಬೇಕಾಯಿತು. "ಸೈಕಲ್ ತಿರುಗಿದ ಹಾಗಲ್ಲ, ಬಸ್ ತಿರುಗಿದ ಹಾಗೆ ತಿರುಗಿ" ಎಂದಿದ್ದರು ಫಿಸಿಯೋ. ನಾನು ಬಿದ್ದದ್ದರಲ್ಲಿ ಮುಕ್ಕಾಲು ಪಾಲು ನೇರ ನಡೆಯುವಾಗ ಅಲ್ಲ, ಯಾರೋ ಹಿಂದಿನಿಂದ ಕರೆದಾಗ ಥಟ್ಟನೆ ತಿರುಗಿ.

ನಮ್ಮ ಮನೆಯಲ್ಲಿ ಹೊಸ್ತಿಲಿಲ್ಲ. 2012ರಲ್ಲಿ ಕಟ್ಟಿಸುವಾಗಲೇ ಬೇಡ ಎಂದೆ. ಮೇಸ್ತ್ರಿ ಒಪ್ಪಲಿಲ್ಲ, ಅತ್ತಿಗೆ ಒಪ್ಪಲಿಲ್ಲ. ಕೊನೆಗೆ ನೆಲದ ಮಟ್ಟಕ್ಕೇ ಒಂದು ಮರದ ಪಟ್ಟಿ ಹುಗಿದು ಅರಿಶಿನ ಕುಂಕುಮ ಹಚ್ಚಲು ಜಾಗ ಮಾಡಿದೆವು. ಬಚ್ಚಲಲ್ಲಿ ಒರಟು ಟೈಲ್ಸ್, ಗೋಡೆಗೆ ಕಂಬಿ, ಕೂತು ಮೀಯಲು ಕುರ್ಚಿ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ನೆಲಮಟ್ಟದಲ್ಲಿ ಸಣ್ಣ ದೀಪಗಳು. ಎಲ್ಲ ಸೇರಿ ಹೆಚ್ಚು ಖರ್ಚಾದದ್ದು ಹದಿನೆಂಟು ಸಾವಿರ. ಅಪ್ಪಯ್ಯನಿಗೆ ಆ ಒಂದು ಸಾಲು ದೀಪ ಇದ್ದಿದ್ದರೆ ಸಾಕಿತ್ತು.

ಕಾಗದಪತ್ರದ ವಿಷಯದಲ್ಲಿ ನನಗೆ ಸಿಟ್ಟಿದೆ. 2011ರಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದಾಗ ತಪಾಸಣೆ ಮಾಡಿದವರು ನನ್ನ ಕಾಲನ್ನು ಒತ್ತಿ, ತಳ್ಳಿ, ಮಡಚಿ ನೋಡಿ, ಸ್ನಾಯುವಿನ ಬಲ ಪೂರ್ತಿ ಇದೆ, ಏನೂ ತೊಂದರೆ ಇಲ್ಲ ಎಂದು ಬರೆದರು. ನಾನು ಆ ಕೋಣೆಯೊಳಗೆ ಬಂದದ್ದು ಯಜಮಾನರ ಭುಜ ಹಿಡಿದು. ಎರಡು ಹೆಜ್ಜೆ ನಡೆಸಿ ನೋಡಿದ್ದರೆ ಸಾಕಿತ್ತು. 1995ರ ಕಾನೂನಿನಲ್ಲಿ ಇದ್ದದ್ದು ಏಳು ಬಗೆಯ ಅಂಗವೈಕಲ್ಯ. 2016ರ ಕಾನೂನು ಅದನ್ನು 21ಕ್ಕೆ ಏರಿಸಿ, ದೀರ್ಘಕಾಲದ ನರರೋಗಗಳನ್ನೂ ಸೇರಿಸಿತು. ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಮರುವರ್ಷ ಇನ್ನೊಬ್ಬ ವೈದ್ಯರು ನನ್ನನ್ನು ನಡೆಸಿ ನೋಡಿದರು. ಈಗ ಕಾರ್ಡ್ ಇದೆ. ಬಸ್ಸಿನಲ್ಲಿ ಯಾರಾದರೂ ಕುಡಿದವಳೆಂದು ಮೂಗು ಮುಚ್ಚಿಕೊಂಡು ಸರಿದರೆ ಆ ಕಾರ್ಡನ್ನು ತೆಗೆದು ತೋರಿಸುತ್ತೇನೆ. ಅಪ್ಪಯ್ಯನ ಹತ್ತಿರ ತೋರಿಸಲು ಏನೂ ಇರಲಿಲ್ಲ.

ಮನೆಯ ಒಳಗಿನದನ್ನು ನಾವು ಸರಿ ಮಾಡಿಕೊಂಡೆವು. ಹೊರಗಿನ ನೆಲ 1978ರಲ್ಲಿ ಇದ್ದುದಕ್ಕಿಂತ ಕೆಟ್ಟಿದೆ, ಇದನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ಮಣ್ಣಿನ ದಾರಿಯಲ್ಲಿ ಅಪ್ಪಯ್ಯನ ಕಾಲಿಗೆ ಒಂದು ಹಿಡಿತ ಇತ್ತು. ನಮ್ಮ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹೊದಿಸಿದ ಚಪ್ಪಡಿ. ಒಂದು ಎದ್ದಿರುತ್ತದೆ, ಒಂದು ಅಲ್ಲಾಡುತ್ತದೆ, ಮೂರನೆಯದು ಇರುವುದಿಲ್ಲ. ಬೆಂಗಳೂರಿಗೆ ಹೋದಾಗ 2011ರಲ್ಲಿ ಶುರುವಾದ ಮೆಟ್ರೋದಲ್ಲಿ ನಾನು ಗಾಲಿಕುರ್ಚಿಯಲ್ಲಿ ಲಿಫ್ಟಿನಿಂದ ರೈಲಿನೊಳಗಿನವರೆಗೆ ಯಾರ ಸಹಾಯವೂ ಇಲ್ಲದೆ ಹೋಗುತ್ತೇನೆ. ತಮ್ಮನ ಮನೆಯಿಂದ ಆ ನಿಲ್ದಾಣಕ್ಕೆ ನಾನೂರು ಮೀಟರ್. ಆ ನಾನೂರು ಮೀಟರಿಗೆ ಆಟೋ ಬೇಕು.

ದೇವಸ್ಥಾನಕ್ಕೆ ಹೋಗುವುದು ಕಡಿಮೆ ಮಾಡಿದೆ. ಶೂ, ಪಟ್ಟಿ ಬಿಚ್ಚಿದರೆ ನಾನು ನಿಲ್ಲಲಾರೆ, ಬಿಚ್ಚದೆ ಒಳಗೆ ಹೋಗಲಾರೆ. ಕಾರಿನಲ್ಲೇ ಕುಳಿತು ಕೈ ಮುಗಿಯುತ್ತೇನೆ. ಮಗಳಿಗೆ ಈಗ 26. ಅವಳಿಗೆ ಬರುವ ಸಾಧ್ಯತೆ ನೂರಕ್ಕೆ ಐವತ್ತು. ಪರೀಕ್ಷೆ ಮಾಡಿಸಿಕೊಳ್ಳುವುದೋ ಬೇಡವೋ ಅವಳ ತೀರ್ಮಾನ, ಸದ್ಯಕ್ಕೆ ಬೇಡ ಎಂದಿದ್ದಾಳೆ. ನಾನು ಆ ಮಾತನ್ನು ಮತ್ತೆ ಎತ್ತಿಲ್ಲ.

ಕಳೆದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಊಟದ ಹಾಲಿನ ಬಾಗಿಲಲ್ಲಿ ನೆಲ ಒದ್ದೆ. ನಾನು ವಾಕರ್ ನಿಲ್ಲಿಸಿ, ಬ್ರೇಕ್ ಹಾಕಿ, ಎಲ್ಲಿ ಕಾಲಿಡಬೇಕು ಎಂದು ನೋಡುತ್ತಿದ್ದೆ. ಒಬ್ಬ ಹುಡುಗ ಓಡಿ ಬಂದು "ಬನ್ನಿ ಆಂಟಿ" ಎಂದು ನನ್ನ ತೋಳು ಹಿಡಿದು ಎಳೆದ. ಬಿದ್ದೆ. ಅವನ ಮುಖ ಬಿಳಿಚಿಕೊಂಡಿತು. ಒಳ್ಳೆಯ ಹುಡುಗ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಎದ್ದು ಕುಳಿತ ಮೇಲೆ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮಂಥವರು ನಿಂತಿದ್ದರೆ ಯೋಚಿಸುತ್ತಿದ್ದೇವೆ ಎಂದು ತಿಳಿಯಿರಿ. ಹಿಂದಿನಿಂದ ಕರೆಯಬೇಡಿ, ಎದುರಿಗೆ ಬನ್ನಿ. ನಮ್ಮನ್ನು ಹಿಡಿಯಬೇಡಿ, ಎಳೆಯಬೇಡಿ. ಪಕ್ಕದಲ್ಲಿ ನಿಂತು ನಿಮ್ಮ ಮೊಣಕೈ ಚಾಚಿ, ಹಿಡಿಯುವುದು ನಮ್ಮ ಕೆಲಸ. ನಡೆಯುವಾಗ ಮಾತಾಡಿಸಬೇಡಿ, ಕುಳಿತ ಮೇಲೆ ಎಷ್ಟು ಬೇಕಾದರೂ ಮಾತಾಡೋಣ.